ವಧುವನ್ನು ಅಳಿಸಿದ ಹಳೆಯ ಸ್ಪೀಕರ್ ಅವರಿಗೆ

ಹಿಂದೆ ಟೆಂಟ್ ಸಿನಿಮಾದ ಪರದೆಯ ಮರೆಯಲ್ಲಿ ದೀರ್ಘ ಸೇವೆ ಸಲ್ಲಿಸಿ, ಈಗ ನನ್ನ ಗಿಟಾರಿನ ವಾಲ್ವ್ ಆಂಪ್ಲಿಫೈಯರಿನಲ್ಲಿ ಬಿಡಾರ ಹೂಡಿರುವ, ಹನ್ನೆರಡು ಅಂಗುಲ ಅಗಲದ ಹಿರಿಯ ಸ್ಪೀಕರ್ ಅವರಲ್ಲಿ ಪಾಂಡವಪುರದ ರಮ್ಯಶ್ರೀ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸಿದ್ದೇನೆ. ಸ್ವಿಚ್ ಹಾಕಿ ವಾಲ್ವುಗಳು ಕೆಂಪಗಾದ ಮೇಲೆ ಹತ್ತಿರ ಬಂದು ಕಿವಿಗೊಟ್ಟರೆ ತಾವು ಸಣ್ಣಗೆ ಗುಂಯ್ ಎನ್ನುತ್ತಿರುವುದರಿಂದ ಉಸಿರಾಟಕ್ಕಂತೂ ತೊಂದರೆಯಿಲ್ಲ. ಕನ್ನಡ ಎಂ.ಎ. ಮುಗಿಸಿದ ಮೇಲೂ ಬಸ್ಸಿನಲ್ಲಿ "ಇಳೀಬೇಕು" ಎಂದು ಕೂಗಲು ನಾಚಿ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ಆದ್ದರಿಂದ ತಮ್ಮ ಮೇಲಿನ ದೂರನ್ನು ತಮ್ಮೆದುರು ಹೇಳಲಾರದೆ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಸ್ಥಾನದಲ್ಲಿ ಮೊದಲಿದ್ದವರ ಅಂತ್ಯ ತಮಗೆ ತಿಳಿದಿರಲಾರದು. ಆರ್ಕೆಸ್ಟ್ರಾ ಬಿಟ್ಟ ಸೋದರಮಾವ ನನಗೆ ದಾಟಿಸಿದ ಈ ಆಂಪ್ಲಿಫೈಯರನ್ನು ಅಜ್ಜಿ ವರಲಕ್ಷ್ಮಮ್ಮ ಕಳೆದ ಆಯುಧಪೂಜೆಯಲ್ಲಿ ಅಪ್ಪನ ಸುತ್ತಿಗೆ, ಇಕ್ಕಳ, ಚಿನ್ನದ ತಕ್ಕಡಿಗಳ ಸಾಲಿನಲ್ಲೇ ಕೂರಿಸಿ, ಅರಿಶಿನ ಕುಂಕುಮವಿಟ್ಟು, ಹಿಂಬದಿ ತೆರೆದಿದ್ದುದು ಅನುಕೂಲವೇ ಆಯಿತೆಂದು ಒಳಗೊಂದು ಹಿಡಿ ಕಡ್ಲೆಪುರಿ, ಬೆಲ್ಲ ಇಟ್ಟರು. ನಾನು ಬೇಡವೆಂದು ಗೊಣಗಿದ್ದಕ್ಕೆ, "ಕೆಲ್ಸ ಮಾಡೋ ಸಾಮಾನ್ಗೆಲ್ಲ ಇಕ್ಬೇಕು ಕಣವ್ವ, ಇದೊಂದೇನ್ ಪಾಪ ಮಾಡಿತ್ತು?" ಎಂದರು. ಅಕ್ಕಸಾಲಿಗರ ನಮ್ಮ ಮನೆಯಲ್ಲಿ ಪೂಜೆಗೆ ಕೂತ ಆಯುಧವನ್ನು ಮರುದಿನ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ನೇಮ ಇಲಿಗೆ ಅನ್ವಯಿಸುವುದಿಲ್ಲವಂತೆ. ಅದು ಪುರಿ ಮುಗಿಸಿ, ಬೆಲ್ಲ ಮುಗಿಸಿ, ಕೊನೆಗೆ ಸ್ಪೀಕರಿನ ಕಾಗದದ ಶಂಕುವನ್ನೂ ಪ್ರಸಾದವೆಂದೇ ಸ್ವೀಕರಿಸಿತು.

ಆಗ ನನ್ನ ಸಂಕಟ ಸಣ್ಣದಾಗಿರಲಿಲ್ಲ. ಹಾಸ್ಟೆಲಿನಲ್ಲಿ ನಾನು ಬಾಗಿಲು ಹಾಕಿಕೊಂಡು ಕಟ್ಟಿದ ಒಂದು ರಾಗವನ್ನು ಗೋಡೆಯಾಚೆಯಿಂದ ಕೇಳಿದ್ದ ಗೆಳತಿ ಅರ್ಪಿತ, ಕೆ.ಆರ್. ಪೇಟೆಯ ತನ್ನ ಆರತಕ್ಷತೆಯಲ್ಲಿ ಅದು ಕೇಳಿಸಿದರೆ ಮಾತ್ರ ವೇದಿಕೆ ಹತ್ತುವುದಾಗಿ ಹಟ ಹಿಡಿದಿದ್ದಳು. ನಾನು ಜನರೆದುರು ನುಡಿಸಲು ಒಪ್ಪಿದ್ದು ಅದೇ ಮೊದಲು. ಇತ್ತ ನಾನು ಆಗಷ್ಟೇ ಸೇರಿದ್ದ ಆರ್ಕೆಸ್ಟ್ರಾ ತಂಡದ ಕೀಬೋರ್ಡ್ ವಾದಕ ಸಂತೋಷ್ ತನ್ನ ಯಂತ್ರದಲ್ಲಿ ಗಿಟಾರಿನ ದನಿ ಹೊರಡಿಸುವ ಬಟನ್ ಮೇಲೆ ಬೆರಳಿಟ್ಟೇ ಕೂತಿದ್ದ. "ನಿನ್ ಪೆಟ್ಗೆ ಬಾಯ್ ಬುಡ್ನಿಲ್ಲ ಅಂದ್ರೆ ನಾನ್ ಬಟನ್ ಒತ್ಬುಡ್ತೀನಿ, ಬೇಜಾರ್ ಮಾಡ್ಕಬ್ಯಾಡ" ಎಂದ. ಅವನು ಒಮ್ಮೆ ಒತ್ತಿದರೆ ಮುಂದೆ ಆ ತಂಡದಲ್ಲಿ ನನಗೆ ಉಳಿಯುವುದು ವೈರು ಸುತ್ತುವ ಕೆಲಸವೊಂದೇ.

ಸಂತೆಬಾಚಹಳ್ಳಿಯಲ್ಲಿ ಹಿಂದೆ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಜವರಯ್ಯನವರ ಅಟ್ಟದಲ್ಲಿ, ಬದಲಿ ಸ್ಪೀಕರ್ ಹುಡುಕುತ್ತ ಹೋದ ನನಗೆ ರಾಗಿ ಚೀಲದ ಮರೆಯಲ್ಲಿ ತಮ್ಮ ದರ್ಶನವಾದದ್ದು ಹೀಗೆ. ಅವರು ತಮ್ಮ ಧೂಳು ಒರೆಸುತ್ತ ಕೊಟ್ಟ ಶಿಫಾರಸನ್ನು ಇದ್ದಂತೆಯೇ ದಾಖಲಿಸುತ್ತೇನೆ: "ಕುಣಿಯೋ ಆಡ್ಗೆ ಇದು ಅಷ್ಟಕ್ಕಷ್ಟೆ ಕಣವ್ವ. ಅಳ್ಸಾದ್ರಲ್ಲಿ ಮಾತ್ರ ಇದನ್ನ ಮೀರ್ಸೋರಿಲ್ಲ. ತಾಯಿ ಸಾಯೋ ಸೀನ್ ಬಂದ್ರೆ ಟೆಂಟೇ ನೆಂದೋಗದು." ನಾನು ಇದನ್ನು ಮುದುಕರ ಉತ್ಪ್ರೇಕ್ಷೆಯೆಂದು ತಿಳಿದು ನಕ್ಕೆ. ಈ ಪತ್ರದ ಮೂಲ ಆ ನಗೆಯಲ್ಲಿದೆ.

ಮನೆಗೆ ಬಂದ ತಾವು ನಡೆದುಕೊಂಡ ರೀತಿ ಬಿಗುಮಾನದ ಬೀಗರದು. ಬೋಲ್ಟಿನ ತೂತುಗಳು ಹೊಂದಲಿಲ್ಲವೆಂದು ಹಲಗೆಯನ್ನೇ ಹೊಸದಾಗಿ ಕೊರೆಸಿದಿರಿ; ತಮ್ಮ ಬೆನ್ನಿನ ಅಯಸ್ಕಾಂತ ವಾಲ್ವುಗಳಿಗೆ ತಗುಲುತ್ತದೆಂದು ಒಂದಂಗುಲ ಪಕ್ಕಕ್ಕೆ ಕೂತಿರಿ. ಎಲ್ಲವನ್ನೂ ಸಹಿಸಿ ತಂತಿ ಜೋಡಿಸಿದರೆ, ಕದದ ಸಂದಿಯಿಂದ ಸಾಲ ಕೊಟ್ಟವನಿಗೆ ಉತ್ತರಿಸುವವರ ಹಾಗೆ ಸೊರಗಿದ ದನಿ. ಆಂಪ್ಲಿಫೈಯರ್ ಎಂಟು ಓಮ್‌ಗೆ ಸಿದ್ಧವಾಗಿ ಕಾದಿದ್ದರೆ ತಾವು ಹದಿನಾರರವರು. ಅದು ತಳ್ಳುವ ಬಲಕ್ಕೂ ತಾವು ಒಡ್ಡುವ ತಡೆಗೂ ಹೊಂದಾಣಿಕೆಯೇ ಇಲ್ಲ. ಹಿರಿಯರು ದೊಡ್ಡ ಮನಸ್ಸು ಮಾಡಿ ಅರ್ಧದಷ್ಟು ಓಮ್ ಬಿಟ್ಟುಕೊಡಬೇಕೆಂದು ನಾನು ಕೈಮುಗಿದದ್ದು ತಮಗೆ ನೆನಪಿರಬಹುದು. ತಾವು ಅಲುಗಲಿಲ್ಲ.

ಜನರ ಮುಖ ತಪ್ಪಿಸಲು ಸದಾ ಮೂಲೆಗಳನ್ನೇ ನೋಡುವ ನನ್ನ ಅಭ್ಯಾಸ ಒಮ್ಮೆಯಾದರೂ ಕೆಲಸಕ್ಕೆ ಬಂತು. ಆಂಪ್ಲಿಫೈಯರಿನೊಳಗಿನ ಟ್ರಾನ್ಸ್‌ಫಾರ್ಮರಿನ ಮೂಲೆಯಲ್ಲಿ, ತುದಿಗೆ ಟೇಪು ಸುತ್ತಿಸಿಕೊಂಡು, ಯಾರ ಕಣ್ಣಿಗೂ ಬೀಳದೆ ಒಂದು ಹಳದಿ ತಂತಿ ಮಡಚಿ ಕೂತಿತ್ತು. ಅದು ಹದಿನಾರು ಓಮ್‌ನವರಿಗೆಂದೇ ತಯಾರಕರು ಬಿಟ್ಟಿದ್ದ ದಾರಿ. ಅಪ್ಪ ನಾಗರಾಜ, "ಚಿನ್ನ ಬೆಸೆಯೋ ಕೈಗೆ ಸೀಸ ಮುಟ್ಟುಸ್ತೀಯಲ್ಲ ತಾಯಿ" ಎಂದು ಗೊಣಗಿಕೊಂಡೇ, ಮೂಗುತಿಗೆ ಹಾಕುವಷ್ಟು ನಾಜೂಕಾಗಿ ಬೆಸುಗೆ ಹಾಕಿದರು. ಆಮೇಲೆ ತಾವು ಬಾಯಿ ತೆರೆದಿರಿ. ಒಂದೇ ತಂತಿ ಮೀಟಿದ್ದೆ, ಒಳಕೋಣೆಯಿಂದ ಅಜ್ಜಿ, "ಯಾರವ್ವ ಬಂದೋರು?" ಎಂದರು.

ಇನ್ನು ದೂರಿಗೆ ಬರುತ್ತೇನೆ. ಆರತಕ್ಷತೆಯಂದು ನನ್ನ ಯೋಜನೆ ಸರಳವಾಗಿತ್ತು: ಡೋಲಕ್‌ನ ಹಿಂದೆ ಕೂತು, ತಲೆ ತಗ್ಗಿಸಿ, ಒಂದೇ ಒಂದು ಸಲ ನುಡಿಸಿ, ಯಾರೂ ಮಾತನಾಡಿಸುವ ಮೊದಲೇ ಊಟದ ಪಂಕ್ತಿಯಲ್ಲಿ ಮಾಯವಾಗುವುದು. ಎರಡನೆಯ ಸಾಲಿನಲ್ಲಿ ನನ್ನ ಬೆರಳು ತಪ್ಪಿತು. ಸಭ್ಯ ಸ್ಪೀಕರ್ ಆಗಿದ್ದರೆ ಅದನ್ನು ನುಂಗಿಕೊಳ್ಳುತ್ತಿತ್ತು. ತಾವು ಛತ್ರದ ಕೊನೆಯ ಕುರ್ಚಿಯವರೆಗೆ ತಲುಪಿಸಿದಿರಿ. ಸಂತೋಷನ ಬೆರಳು ಬಟನ್ನಿನ ಮೇಲೆ ಬಂತು. ಆದರೆ ಗಟ್ಟಿಯಾಗಿ ಕೂಗದೆಯೇ, ಪಕ್ಕದಲ್ಲಿ ಕೂತು ಹೇಳಿದಂತೆ ತಾವು ಮುಂದಿನ ಸ್ವರಗಳನ್ನು ನುಡಿದಾಗ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಅರ್ಪಿತ ನಿಂತಲ್ಲೇ ನಿಂತು ಅತ್ತುಬಿಟ್ಟಳು. ಕಾಡಿಗೆ ಕೆನ್ನೆಗಿಳಿಯಿತು. ಫೋಟೋದವನು, "ಅಳೋ ಎಂಟ್ರಿ ಆಲ್ಬಮ್‌ಗೆ ಆಗಕಿಲ್ಲ, ಮುಖ ಒರ್ಸಿ, ಇನ್ನೊಂದ್ ಕಿತ ಬುಡ್ರವ್ವ ಆ ರಾಗನ!" ಎಂದು ನನ್ನತ್ತ ಕೂಗಿದ. ಇಡೀ ಛತ್ರ ನನ್ನತ್ತ ತಿರುಗಿತು. ಎರಡನೆಯ ಸಲ ವರನ ತಾಯಿ ಅತ್ತರು. ಮೂರನೆಯ ಸಲ ಬೆಳಕು ಸರಿಯಿಲ್ಲವೆಂದು ಫೋಟೋದವನೇ ನಿಲ್ಲಿಸಿದ. ಅವನ ಕಣ್ಣೂ ಒದ್ದೆಯಾಗಿದ್ದುದನ್ನು ನಾನು ನೋಡಿದೆ. ಒಂದೇ ಸಲವೆಂದು ಒಪ್ಪಿಬಂದವಳು ತಮ್ಮ ದೆಸೆಯಿಂದ ಅಷ್ಟೂ ಕಣ್ಣುಗಳ ಎದುರು ನಾಲ್ಕು ಸಲ ನುಡಿಸಬೇಕಾಯಿತು. ಸಂತೋಷನ ಕೈ ಯಾವಾಗಲೋ ಮಡಿಲಿಗೆ ಹೋಗಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಇನ್ನು ಮುಂದೆ ನನ್ನ ತಪ್ಪುಗಳನ್ನು ತಮ್ಮೊಳಗೇ ಇಟ್ಟುಕೊಳ್ಳಬೇಕು; ಶುಭಕಾರ್ಯಗಳಲ್ಲಿ ಬರೀ ಗಂಡಿನ ಕಡೆಯವರನ್ನು ಅಳಿಸಬೇಕು; ಜನ ನನ್ನ ಹೆಸರು ಕೇಳಿದರೆ ತಾವೇ ಉತ್ತರಿಸಬೇಕು. ನಾಲ್ಕನೆಯ ಸಲ ನನ್ನ ತಲೆ ತಾನಾಗಿ ಮೇಲಕ್ಕೆದ್ದಿದ್ದ ಸಂಗತಿಯನ್ನು ಮಾತ್ರ ತಾವು ಯಾರಿಗೂ ತಿಳಿಸಕೂಡದು.

ಹದಿನಾರು ಓಮ್‌ಗೆ ತಲೆಬಾಗಿದ,
ತಮ್ಮ ವಿಶ್ವಾಸಿ,
ರಮ್ಯಶ್ರೀ

ಮರೆತ ಮಾತು: ಜವರಯ್ಯನವರ ಅಟ್ಟದಲ್ಲಿ ತಮ್ಮ ಜೋಡಿ ಇನ್ನೊಂದಿದೆಯೇ ಎಂದು ಸಂತೋಷ್ ನಿನ್ನೆ ವಿಚಾರಿಸಿದ. ಅದಕ್ಕೂ ನಿನ್ನ ಕೀಬೋರ್ಡಿನಲ್ಲಿ ಒಂದು ಬಟನ್ ಇರಬೇಕಲ್ಲ, ಒತ್ತಿ ನೋಡು ಎನ್ನಬೇಕೆಂದಿದ್ದೆ, ನಾಚಿಕೆಯಾಗಿ ಸುಮ್ಮನಾದೆ. ತಮ್ಮದು ಅಗಲ ಬಾಯಿ, ತಾವೇ ಹೇಳಿಬಿಡಿ. ಹೇಳದಿದ್ದರೆ ಮುಂದಿನ ಆಯುಧಪೂಜೆಗೆ ಅಜ್ಜಿ ತಮಗೆಂದೇ ಎತ್ತಿಡಲಿರುವ ಕಡ್ಲೆಪುರಿಯನ್ನು ನಾನು ತಡೆಯುವುದಿಲ್ಲ.