ನಾಲ್ಕು ಒಳ್ಳೆಯ ಮೈಕುಗಳು

ಮೇಜಿನ ಹಿಂದೆ ಐದು ಕುರ್ಚಿ ಹಾಕಿದ್ದೇ ತಪ್ಪಾಯಿತು. ಐದು ಕುರ್ಚಿ ಎಂದರೆ ಐವರು ದೊಡ್ಡವರು, ಐವರು ದೊಡ್ಡವರು ಎಂದರೆ ಐದು ಮೈಕು. ಮೈಕಿಲ್ಲದ ದೊಡ್ಡವನು ಹಲ್ಲಿಲ್ಲದ ಬಾಚಣಿಗೆಯಿದ್ದ ಹಾಗೆ, ಯಾರ ತಲೆಗೂ ಹೋಗುವುದಿಲ್ಲ.

ಕೋಳಿ ಸಾಕುವವರ ಸಂಘದ ವಾರ್ಷಿಕ ಸಭೆ ಅದು. ಸಂಘದ ಸಭಾಂಗಣದ ಮಾಡು ರಿಪೇರಿಗೆ ಬಂದಿದ್ದರಿಂದ ಈ ಸಲ ಸಭೆಯನ್ನು ಮರಿಮನೆಗೆ ಎತ್ತಿ ಹಾಕಿದ್ದರು. ಮರಿಮನೆ ಎಂದರೆ ಯಂತ್ರದಲ್ಲಿ ಕಾವು ಕೊಟ್ಟು ಮೊಟ್ಟೆ ಒಡೆಸುವ ಉದ್ದನೆಯ ತಗಡಿನ ಶೆಡ್ಡು. ಅಂದು ಬೆಳಗಿನ ಜಾವಕ್ಕೆ ಹನ್ನೆರಡು ಸಾವಿರ ಮರಿಗಳು ಚಿಪ್ಪು ಒಡೆದು ಹೊರಬಂದಿದ್ದವು. ಗೋಡೆಯುದ್ದಕ್ಕೂ ಟ್ರೇಗಳಲ್ಲಿ ಒತ್ತೊತ್ತಾಗಿ ನಿಂತು, ಹುಟ್ಟಿದ್ದಕ್ಕೆ ತಕರಾರು ಹೇಳುತ್ತಿದ್ದವು. ಮೇಲೆ ನಾಲ್ಕು ಫ್ಯಾನುಗಳು ಲಾರಿಯ ಹಾಗೆ ಗುಡುಗುತ್ತಿದ್ದವು. ಅವನ್ನು ಒಂದು ಗಳಿಗೆ ನಿಲ್ಲಿಸಬಹುದೇ ಎಂದು ಮೈಕಿನವನು ಕೇಳಿದ್ದಕ್ಕೆ, ಮರಿ ನೋಡಿಕೊಳ್ಳುವ ಹೆಂಗಸು ಮೊದಲು ನಿನ್ನ ಉಸಿರು ನಿಲ್ಲಿಸಿ ನೋಡು, ಆಮೇಲೆ ಅವುಗಳದ್ದು ನಿಲ್ಲಿಸೋಣ ಎಂದಳು.

ಮೈಕಿನವನನ್ನು ಊರಿನವರು ಕರೆಯುತ್ತಿದ್ದದ್ದು ‘ಹಲೋ’ ಎಂದು. ಹದಿನೈದು ವರ್ಷಗಳಿಂದ ಮೈಕಿನಲ್ಲಿ ಅವನು ಆಡಿದ ಮಾತು ಅದೊಂದೇ. ಮಿಕ್ಕ ಮಾತೆಲ್ಲ ಬೇರೆಯವರದು.

ಈ ದಿನ ಹಲೋಗೆ ಬರಿಯ ಸಭೆಯ ದಿನವಾಗಿರಲಿಲ್ಲ. ಸಂಘದ ಮೈಕು, ದೀಪ, ಮೋಟಾರು ನೋಡಿಕೊಳ್ಳಲು ಒಬ್ಬ ಕಾಯಂ ಮನುಷ್ಯ ಬೇಕೇ ಎಂಬುದು ಸಭೆಯ ಕೊನೆಯ ವಿಷಯ. ಬೇಕು ಎಂದಾದರೆ ಅವನೇ. ಬೇಡ ಎಂದಾದರೆ, ಮುಂದಿನ ವಾರ ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಕಟ್ಟಿಕೊಂಡು ಮಾವನ ಮನೆ ಸೇರಿ, ಮಾವನ ಕೋಳಿಗಳ ಹಿಕ್ಕೆ ಬಾಚಬೇಕು. ಹೆಂಡತಿ ಈಗಾಗಲೇ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದ್ದಳು. ಮನೆ ಅಳಿಯನಾಗುವುದು ಹಲೋಗೆ ಎಷ್ಟು ಬೇಡವಾಗಿತ್ತೋ, ಅವನನ್ನು ಇಟ್ಟುಕೊಳ್ಳುವುದು ಮಾವನಿಗೆ ಅದಕ್ಕಿಂತ ಒಂದು ತೂಕ ಹೆಚ್ಚು ಬೇಡವಾಗಿತ್ತು. ಆ ಮಾವನೂ ಸಂಘದ ನಿರ್ದೇಶಕ. ಐದನೆಯ ಕುರ್ಚಿ ಅವನದು.

ಹಲೋ ಐದೂ ಮೈಕು ಜೋಡಿಸಿ ಸ್ವಿಚ್ಚು ಒತ್ತಿದ. ಐದು ಮೈಕೂ ಮರಿಗಳ ಕೂಗನ್ನೇ ಮೊದಲು ಹೆಕ್ಕಿಕೊಂಡವು. ಹನ್ನೆರಡು ಸಾವಿರ ಮರಿಗಳು ಹನ್ನೆರಡು ಸಾವಿರ ಕರುಗಳಾಗಿ ಸ್ಪೀಕರಿನಿಂದ ಹೊರಬಂದವು. ಆ ಸದ್ದಿಗೆ ಬೆದರಿ ಮರಿಗಳು ಇನ್ನಷ್ಟು ಕೂಗಿದವು, ಮೈಕುಗಳು ಅದನ್ನೂ ಹೆಕ್ಕಿದವು. ಕೊನೆಗೆ ಇಡೀ ಶೆಡ್ಡು ‘ಕುಂಯ್’ ಎಂದು ಎಳೆದ ಒಂದೇ ರಾಗಕ್ಕೆ ಮರಿಗಳೆಲ್ಲ ಟ್ರೇಯ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದವು. ಹೆಂಗಸು ಕೈಯಲ್ಲಿದ್ದ ಪೊರಕೆಯನ್ನೇ ಹಿಡಿದು ಬಂದಳು. ಇನ್ನೊಂದು ಸಲ ಆ ಸದ್ದು ಬಂದರೆ ವೈರು ಕಿತ್ತು ಅದರಲ್ಲೇ ಬಟ್ಟೆ ಒಣಹಾಕುತ್ತೇನೆ ಎಂದಳು.

ಗದ್ದಲದ ಜಾಗದಲ್ಲಿ ಒಂದೇ ಮೈಕಿರಬೇಕು, ಅದು ಬಾಯಿಗೆ ಅಂಟಿದಂತಿರಬೇಕು. ಇದು ಹಲೋಗೆ ಗೊತ್ತಿತ್ತು. ಒಂದನ್ನೇ ಕೈಯಿಂದ ಕೈಗೆ ದಾಟಿಸಿಕೊಂಡು ಮಾತಾಡಬಹುದಲ್ಲ ಎಂದು ಅವನು ದೊಡ್ಡವರ ಮುಂದೆ ಕೈ ಹಿಸುಕಿಕೊಂಡು ನಿಂತ. ಅಧ್ಯಕ್ಷರು ಕಾರ್ಯದರ್ಶಿಯ ಎಂಜಲು ಮೈಕು ತಮಗೆ ಬೇಡವೆಂದರು. ಉಪಾಧ್ಯಕ್ಷರು ಇನ್ನೂ ಸ್ಪಷ್ಟವಾಗಿದ್ದರು.

“ನನ್ನ ಮುಂದೆ ಮೈಕಿಲ್ಲ ಅಂದ್ರೆ, ನನ್ನ ತೆಗೆದುಹಾಕಿದ್ದಾರೆ ಅಂದ್ಕೋತಾರೆ ಜನ. ನಿನ್ನ ಮೈಕು ಕೂಗಲಿ ಬಿಡಲಿ, ಕಾಣಬೇಕು ಕಣಯ್ಯ.”

ಕಾಣಬೇಕು ಎಂಬ ಮಾತು ಹಲೋನ ತಲೆಯಲ್ಲಿ ದೀಪದಂತೆ ಹತ್ತಿತು. ಅವನು ಮೇಜಿನ ಕೆಳಗೆ ತೂರಿ ಐದೂ ವೈರು ಕಿತ್ತ. ಕಾರ್ಯದರ್ಶಿಯ ಮೈಕಿನ ವೈರೊಂದನ್ನು ಮಾತ್ರ ದನಿ ಹೆಚ್ಚಿಸುವ ಪೆಟ್ಟಿಗೆಗೆ ಮತ್ತೆ ಸಿಕ್ಕಿಸಿದ. ಕಾರ್ಯದರ್ಶಿಯ ದನಿ ಕೊಡದೊಳಗೆ ಸಿಕ್ಕಿಬಿದ್ದ ಸೊಳ್ಳೆಯದು, ಮೇಲಾಗಿ ಎಲ್ಲ ವಿಷಯವನ್ನೂ ಓದಿ ಹೇಳಬೇಕಾದವನು ಅವನೇ. ಉಳಿದ ನಾಲ್ಕು ವೈರುಗಳನ್ನು ನೀಟಾಗಿ ಜಡೆ ಹೆಣೆದು ಮೇಜಿನ ಕಾಲಿಗೆ ಕಟ್ಟಿದ. ಅಧ್ಯಕ್ಷರು, ಉಪಾಧ್ಯಕ್ಷರು ಗುಡ್ಡದಾಚೆಯ ದನವನ್ನು ಇಲ್ಲಿಂದಲೇ ಹೊಡೆದುಕೊಂಡು ಬರುವ ಗಂಟಲಿನವರು, ಅವರಿಗೆ ವಿದ್ಯುತ್ತು ದಂಡ. ನಾಲ್ಕನೆಯವರಾದ ಹಿರಿಯ ನಿರ್ದೇಶಕರು ಸಭೆಗೆ ಬರುವುದೇ ನಿದ್ದೆಗೆ. ಇನ್ನು ಮಾವ ಹನ್ನೊಂದು ವರ್ಷಗಳಲ್ಲಿ ಸಭೆಯಲ್ಲಿ ಬಾಯಿ ಬಿಟ್ಟದ್ದು ಒಂದೇ ಸಲ, ಕಿಟಕಿ ತೆಗೆಯಿರಿ ಎನ್ನಲು.

ಸಭೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗಿತು. ಅಧ್ಯಕ್ಷರು ಸತ್ತ ಮೈಕಿಗೆ ತುಟಿ ಒತ್ತಿ ಅರ್ಧ ಗಂಟೆ ಮಾತಾಡಿದರು. ಮುಂದಿನ ಮೂರು ಸಾಲಿಗೆ ಕೇಳಿಸಿತು, ಹಿಂದಿನವರು ಮುಂದಿನವರನ್ನು ನೋಡಿ ಚಪ್ಪಾಳೆ ತಟ್ಟಿದರು. ಕೂತ ಮೇಲೆ ಅಧ್ಯಕ್ಷರು ಉಪಾಧ್ಯಕ್ಷರ ಕಡೆ ಬಾಗಿ, ಈ ಮೈಕಿನಲ್ಲಿ ತಮ್ಮ ದನಿ ತಮಗೇ ಗುರುತು ಸಿಗದಷ್ಟು ಇಂಪಾಗಿತ್ತು ಎಂದರು. ಉಪಾಧ್ಯಕ್ಷರು ತಮ್ಮದು ಅದಕ್ಕಿಂತ ಚೆನ್ನಾಗಿದೆ ಎಂದರು. ಕೂಗಿದ್ದೆಂದರೆ ಕಾರ್ಯದರ್ಶಿಯ ಮೈಕೊಂದೇ. ಅವನು ಕಾಗದ ತಿರುವಲು ಹಿಂದೆ ಸರಿದಾಗಲೆಲ್ಲ ಅದು ಮರಿಗಳ ಸದ್ದನ್ನು ಹೆಕ್ಕುವುದು, ಹಲೋ ಓಡಿಹೋಗಿ ಅದರ ಕತ್ತು ತಿರುಚುವುದು, ಎಲ್ಲರೂ ಕಾರ್ಯದರ್ಶಿಯ ಮುಖ ನೋಡುವುದು. ಹೀಗೆ ನಾಲ್ಕು ಸಲವಾಯಿತು. ಕಾರ್ಯದರ್ಶಿಯ ಕಿವಿ ಕೆಂಪಾಯಿತು.

ಕೊನೆಯ ವಿಷಯ ಬಂತು. ಕಾರ್ಯದರ್ಶಿ ಅದನ್ನು ಓದಿ, ಕನ್ನಡಕ ತೆಗೆದು, ತನ್ನ ಅಭಿಪ್ರಾಯವನ್ನೂ ಸೇರಿಸಿದ. ಸೊಳ್ಳೆಯ ದನಿ ಶೆಡ್ಡಿನ ಕೊನೆಯ ಟ್ರೇಯವರೆಗೂ ಸ್ಪಷ್ಟವಾಗಿ ಹೋಯಿತು.

“ಇವರೆಲ್ಲರ ಮುಂದೆ ನಾಲ್ಕು ಮೈಕು ಇದ್ದಾವೆ. ಸಭೆ ಶುರುವಾದಾಗಿಂದ ಒಂದಾದ್ರೂ ಕೂಗ್ತಾ? ಯಾರಾದ್ರೂ ಮುಟ್ಟಿದ್ರಾ? ಈ ಮನುಷ್ಯ ಕೈ ಹಾಕಿದ್ದು ನನ್ನದಕ್ಕೆ ಮಾತ್ರ, ಕೆಟ್ಟಿರೋದೂ ಅದೊಂದೇ. ಅಂಥವನನ್ನು ಕಾಯಂ ಮಾಡ್ಕೊಂಡು ಉಳಿದ ನಾಲ್ಕನ್ನೂ ಕೆಡಿಸ್ಕೋಬೇಕಾ?”

ಆಗ ಯಾರೂ ನೆನೆಸದ್ದು ನಡೆಯಿತು. ಮಾವ ಎದ್ದು ನಿಂತ. ಅಳಿಯ ಮನೆಗೆ ಬರುತ್ತಾನೆಂಬ ಭಯ ಹನ್ನೊಂದು ವರ್ಷದ ಮೌನವನ್ನು ಒಡೆದಿತ್ತು. ಆದರೆ ರೂಢಿಯಿಲ್ಲದ ಗಂಟಲು, ತುಟಿ ದಾಟಿದರೆ ಹೆಚ್ಚು. ಅವನು ಮೈಕನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮಾತಾಡಿದ, ಮೇಜು ಗುದ್ದಿದ, ಹಲೋನ ಕಡೆ ಬೆರಳು ಚಾಚಿದ, ಎದೆ ಮುಟ್ಟಿಕೊಂಡ, ಕಣ್ಣೊರೆಸಿಕೊಂಡ. ಫ್ಯಾನಿನ ಸದ್ದಿನಲ್ಲಿ ಸಭೆಗೆ ಕೇಳಿಸಿದ್ದು ಏನೂ ಇಲ್ಲ. ಕಂಡದ್ದೆಂದರೆ ಅಳಿಯನ ಮೇಲೆ ಮಾವ ಹಲ್ಲು ಕಡಿಯುತ್ತಿರುವುದು. ಮೊದಲೇ ಇಬ್ಬರಿಗೂ ಎಣ್ಣೆ ಸೀಗೆಕಾಯಿ ಎಂಬುದು ಊರಿಗೆಲ್ಲ ಗೊತ್ತು. ಪಾಪ, ಹೆಣ್ಣು ಕೊಟ್ಟವರೇ ಇಷ್ಟು ನೊಂದಿರಬೇಕಾದರೆ ಎಂದು ಮೂರನೆಯ ಸಾಲಿನಲ್ಲೊಬ್ಬ ಪಕ್ಕದವನಿಗೆ ಹೇಳಿದ.

ಹಲೋ ಮೇಜಿನ ಕೆಳಗೆ ಧುಮುಕಿದ. ಜಡೆಯಲ್ಲಿ ನಾಲ್ಕು ವೈರು, ನಾಲ್ಕೂ ಕಪ್ಪು, ಮಾವನದು ಯಾವುದೋ. ಎಲ್ಲರೆದುರು ಬಾಯಿಬಿಟ್ಟು ಹೇಳಿದರೆ ಅಧ್ಯಕ್ಷರ ಅರ್ಧ ಗಂಟೆಯ ಇಂಪು ಬಯಲಾಗುತ್ತದೆ, ಆಮೇಲೆ ಕಾಯಂ ಮಾತಿರಲಿ, ಊರಲ್ಲೇ ಜಾಗವಿಲ್ಲ. ಕೈಗೆ ಸಿಕ್ಕ ಒಂದನ್ನು ಬಿಡಿಸಿ ಪೆಟ್ಟಿಗೆಗೆ ಚುಚ್ಚಿದ. ಸ್ಪೀಕರಿನಲ್ಲಿ ಹಿರಿಯ ನಿರ್ದೇಶಕರ ಗೊರಕೆ ಹೊರಟಿತು, ಗರಗಸ ಮರಕ್ಕೆ ಸಿಕ್ಕಿಕೊಂಡ ಹಾಗೆ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಆ ನಗುವಿನಲ್ಲೇ ಕಾರ್ಯದರ್ಶಿ, ನೋಡಿ, ಇನ್ನೊಂದೂ ಕೆಟ್ಟಿತು ಎಂದು ಹೇಳಿ ಕೈ ಎತ್ತಿಸಿದ. ಹಲೋ ಮೇಜಿನಡಿಯಿಂದ ತಲೆ ಹೊರಹಾಕಿದಾಗ ಕಂಡದ್ದು ಬೇಡ ಎನ್ನುವ ಕೈಗಳ ಕಾಡು. ಮಾವನ ನೋವಿಗೆ ಮರುಗಿ ಕೆಲವರು ಎರಡೂ ಕೈ ಎತ್ತಿದ್ದರು.

ಜನ ಕರಗಿದ ಮೇಲೆ ಹಲೋ ವೈರು ಸುತ್ತುತ್ತ ಕೂತಿದ್ದ. ಮಾವ ಬಂದು ಪಕ್ಕದಲ್ಲಿ ಕುಸಿದ.

“ಸೋಮವಾರ ಬಂದ್ಬಿಡಿ” ಎಂದ ಮಾವ. “ಏನ್ಮಾಡೋದು. ಹತ್ತು ನಿಮಿಷ ನಿನ್ನ ಪರವಾಗಿ ಮಾತಾಡ್ದೆ ಕಣಪ್ಪ, ಇಂಥ ಕೆಲಸಗಾರ ಹತ್ತೂರಲ್ಲಿಲ್ಲ ಅಂದೆ. ಕಲ್ಲೂ ಕರಗಬೇಕಿತ್ತು.”

ಹಲೋ ಇನ್ನೊಂದು ವೈರು ಸುತ್ತತೊಡಗಿದ.

ಮಾವ ಅವನ ಬೆನ್ನು ತಟ್ಟಿದ. “ನಿಂದೇನೂ ತಪ್ಪಿಲ್ಲ ಬಿಡು. ಮೈಕು ಬಂಗಾರದಂಥದ್ದು ಕೊಟ್ಟಿದ್ದೆ ನಂಗೆ. ಒಂದ್ಸಲನೂ ಕುಂಯ್ ಅನ್ಲಿಲ್ಲ.”