ಎರಡು ಮೈಕು, ಒಂದು ಗಿಟಾರು

ಮೈಕು ಇದ್ದಲ್ಲಿ ಮನುಷ್ಯರ ಮರ್ಯಾದೆ ಪೂರ್ತಿ ಉಳಿದದ್ದನ್ನು ನಾನು ಕಂಡಿಲ್ಲ. ಅದರಲ್ಲೂ ನಮ್ಮ ಜಹೀರಾಬಾದಿನ ಆರ್ಕೆಸ್ಟ್ರಾದವರು ಮೈಕಿಗೆ ಕೈ ಹಚ್ಚಿದರೆ ಏನಾದರೊಂದು ಆಗಿಯೇ ತೀರುತ್ತದೆ. ತೆಲಂಗಾಣ ಹೋರಾಟ ಕಾವೇರಿದ್ದ ದಿನಗಳಲ್ಲಿ ನಾನು ಟ್ರಾಕ್ಟರ್ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದೆ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಬಾರಿಸುತ್ತಿದ್ದೆ ಅನ್ನುವುದು ನನ್ನ ಮಾತು. ನಮ್ಮಪ್ಪನದು ಬೇರೆ. ಹೆಡ್‌ಮಾಸ್ತರಾಗಿ ನಿವೃತ್ತರಾಗಿದ್ದ ಅವರು ನಮ್ಮ ಕಾರ್ಯಕ್ರಮವನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿ ಬಂದು, "ಕೀಬೋರ್ಡ್ ಕೇಳಿಸ್ತು, ಡೋಲಕ್ ಕೇಳಿಸ್ತು. ನೀ ಬರೇ ಅದನ್ನ ಹಿಡ್ಕೊಂಡು ನಿಂತಿದ್ದಿ," ಅಂದರು.

ಆ ಮಾತು ನನಗೆ ಬಹಳ ಚುಚ್ಚಿತು. ಒಂದು ಸಿಡಿ ಮಾಡಬೇಕು, ಅದರಲ್ಲಿ ನನ್ನ ಗಿಟಾರ್ ಅಪ್ಪನ ಕಿವಿಗೆ ಬೀಳಲೇಬೇಕು ಅಂತ ಹಟ ಹಿಡಿದೆ. ಗಿಟಾರಿನ ದನಿ ಹೊರಬರುವುದು ಆಂಪ್ಲಿಫೈಯರ್ ಅನ್ನುವ ಪೆಟ್ಟಿಗೆಯಿಂದ. ಆ ಪೆಟ್ಟಿಗೆಯ ಮೂತಿಗೆ ಮೈಕು ಹಿಡಿದು ರೆಕಾರ್ಡ್ ಮಾಡಬೇಕು. ಆದರೆ ಯಾವ ಮೈಕು? ರಗಳೆ ಶುರುವಾದದ್ದೇ ಅಲ್ಲಿಂದ.

ಶುಂಠಿ ಪರೀಕ್ಷೆ

ನಮ್ಮ ಆರ್ಕೆಸ್ಟ್ರಾದ ಯಜಮಾನರು ಶುಂಠಿ ವ್ಯಾಪಾರಿ. ಎಲ್ಲರೂ ಅವರನ್ನು ಸಾವಕಾರ್ರು ಅನ್ನುತ್ತಿದ್ದೆವು. ಕೀಬೋರ್ಡು ಅವರದು, ರೆಕಾರ್ಡಿಂಗಿಗೆ ಇಟ್ಟುಕೊಂಡಿದ್ದ ಗೋದಾಮೂ ಅವರದು, ಹಾಗಾಗಿ ಕೊನೆಯ ಮಾತೂ ಅವರದೇ.

ಹೈದರಾಬಾದಿನ ಅಂಗಡಿಯವನು ಎರಡು ಮೈಕು ಮುಂದಿಟ್ಟ. ಒಂದು ಊರಿಗೆಲ್ಲ ಗೊತ್ತಿರುವ ಹಳೇ ಕಂಪನಿಯದು. ಇನ್ನೊಂದು ಸೋವಿ ಮಾಲು, ನೋಡಲು ಅದರ ತಮ್ಮನ ಹಾಗೆ. ಪೆಟ್ಟಿಗೆ ಎಷ್ಟೇ ಕೂಗಿದರೂ ಕಂಪನಿ ಮೈಕಿಗೆ ಉಸಿರುಗಟ್ಟುವುದಿಲ್ಲ ಅಂತ ನಾನು ವಿವರಿಸತೊಡಗಿದೆ. ಸಾವಕಾರ್ರು ಕೇಳಿಸಿಕೊಳ್ಳಲಿಲ್ಲ. ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ತೂಗಿದರು. ಮೂಸಿ ನೋಡಿದರು. ಆಮೇಲೆ, ಶುಂಠಿ ಎಳೆಯದೋ ಬಲಿತದ್ದೋ ಅಂತ ಬಜಾರಿನಲ್ಲಿ ನೋಡುವ ಹಾಗೆ, ಸೋವಿ ಮೈಕಿನ ಮೈಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದರು. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. "ಎಳೀ ಮಾಲು ಅದ," ಅಂತ ನನ್ನ ಕಿವಿಯಲ್ಲಿ ಹೇಳಿ ಅದನ್ನು ಮೆಲ್ಲಗೆ ಕೆಳಗಿಟ್ಟರು.

ಕೆರೆದವರೇ ಒಯ್ಯಬೇಕು ಅಂತ ಅಂಗಡಿಯವನು ಶಾಂತವಾಗಿ ಹೇಳಿದ. ಹೀಗೆ ಸೋವಿ ಮೈಕು ಸಾವಕಾರ್ರ ಪಾಲಿಗೆ ಬಂತು. ಕಂಪನಿಯದನ್ನು ನಾನು ನನ್ನ ಬೋನಸ್ಸಿನಲ್ಲಿ ಕೊಂಡೆ. ಬಸ್ಸಿನಲ್ಲಿ ಬರುವಾಗ ಸಾವಕಾರ್ರಿಗೆ ಉಗುರು ಸುಮ್ಮನಿಟ್ಟುಕೊಳ್ಳಲು ಆಗಲಿಲ್ಲ. ಕೊಹೀರ್ ಕ್ರಾಸ್ ದಾಟುವಷ್ಟರಲ್ಲಿ ಮೈಕನ್ನು ಪೂರ್ತಿ ಸುಲಿದಿದ್ದರು.

ತಾಂಡೂರಿನ ಕೌದಿಗಳು

ಗೋದಾಮು ಹೈವೇ ಮೇಲೆಯೇ ಇತ್ತು. ಯಾವ ಮೈಕು ಇಟ್ಟರೂ ನನ್ನ ಗಿಟಾರಿಗಿಂತ ಮೊದಲು ಲಾರಿ ಹಾರ್ನು ರೆಕಾರ್ಡ್ ಆಗುತ್ತಿತ್ತು. ತಾಂಡೂರಿನಲ್ಲಿ ತಮ್ಮ ತಂಗಿಯ ಮನೆ ಇದೆ, ಒಳ ಓಣಿ, ಸದ್ದಿಲ್ಲ ಅಂತ ಸಾವಕಾರ್ರು ನಮ್ಮನ್ನೆಲ್ಲ ಅಲ್ಲಿಗೆ ಹೊರಡಿಸಿದರು.

ಮನೆಯೇನೋ ತಣ್ಣಗಿತ್ತು. ಆದರೆ ಅದು ಫರಸಿ ಕಲ್ಲಿನ ಊರು ತಾಂಡೂರು. ನೆಲವೂ ಫರಸಿ, ಗೋಡೆಯ ಅರ್ಧವೂ ಫರಸಿ. ಒಂದು ತಂತಿ ಮೀಟಿದರೆ ಮನೆಯೆಲ್ಲ ಸುತ್ತಿ ವಾಪಸು ಬರುತ್ತಿತ್ತು. ತಪ್ಪು ಸುಲಿದ ಮೈಕಿನದೇ ಅಂತ ನಾನು ಕಂಪನಿ ಮೈಕು ಇಟ್ಟೆ. ಅದು ಹೆಸರಿಗೆ ತಕ್ಕಂತೆ ಆ ಗದ್ದಲವನ್ನು ಇನ್ನೂ ಸ್ಪಷ್ಟವಾಗಿ ಹಿಡಿಯಿತು. ಕೊನೆಗೆ ತಂಗಿಯವರು ಓಣಿಯ ಮನೆಮನೆಗೆ ಹೋಗಿ ಕೌದಿ ಕೇಳಿ ತಂದರು. ಗೋಡೆಗೆಲ್ಲ ಕೌದಿ ತೂಗುಹಾಕಿ, ಕಿಟಕಿ ಬಾಗಿಲು ಮುಚ್ಚಿ, ನಾನೊಬ್ಬನೇ ಒಳಗೆ ಕೂತೆ. ತುಂಬ ನಿಧಾನದ ಹಾಡು. ತಂತಿಯನ್ನು ಎಳೆದೆಳೆದು ನರಳಿಸುವಂಥದ್ದು. ಸಾವಕಾರ್ರು ಬಾಗಿಲ ಹೊರಗೆ ಆಚೆ ಈಚೆ ತಿರುಗಾಡುತ್ತ, ಯಾರೂ ಮಾತಾಡದ ಹಾಗೆ ಕಾವಲು ಕಾಯುತ್ತಿದ್ದರು.

ಓಣಿಯ ಹೆಂಗಸರು ನೋಡಿದ್ದು ಇಷ್ಟು: ಕೌದಿ ಒಯ್ದರು, ಬಾಗಿಲು ಮುಚ್ಚಿದರು, ಒಳಗೆ ನರಳಾಟ, ಹೊರಗೆ ಗಂಡಸು ಕೈ ಹಿಸುಕಿಕೊಂಡು ತಿರುಗುತ್ತಿದ್ದಾನೆ. ಒಬ್ಬ ಅಜ್ಜಿ ತಂಬಿಗೆಯಲ್ಲಿ ಬಿಸಿನೀರು ಹಿಡಿದು ಬಂದು, ಪಿಸುದನಿಯಲ್ಲಿ "ಆತೇನಪಾ?" ಅಂತ ಕೇಳಿದಳು. ಹಾಡಿನ ಲೆಕ್ಕದಲ್ಲಿದ್ದ ಸಾವಕಾರ್ರು ಅಷ್ಟೇ ಮೆಲ್ಲಗೆ ಹೇಳಿದರು:

"ಒಂದು ಆತು ಅಮ್ಮಾ. ಇನ್ನೂ ನಾಕು ಅವ."

ಅಜ್ಜಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ಆ ಬಿಸಿನೀರನ್ನು ತಾನೇ ಕುಡಿದಳು.

ನಾರಾಯಣಖೇಡದ ಗುಡುಗು

ನಾರಾಯಣಖೇಡದ ಕಡೆ ಒಂದು ಮದುವೆ ಕಾರ್ಯಕ್ರಮಕ್ಕೆ ಹೊರಟಿದ್ದೆವು. ನಡುದಾರಿಯಲ್ಲಿ ರಸ್ತಾರೋಕೋ. ರಸ್ತೆಯ ಮೇಲೆಯೇ ಕಲ್ಲು ಹೂಡಿ, ಅನ್ನ ಬೇಯಿಸಿ, ಹೋದವರು ಬಂದವರಿಗೆಲ್ಲ ಬಡಿಸುವ ಹೋರಾಟ, ವಂಟಾ-ವಾರ್ಪು. ಅವರ ಮೈಕ್‌ಸೆಟ್ಟು ಕೈಕೊಟ್ಟಿತ್ತು. ನಮ್ಮ ಗಾಡಿಯಲ್ಲಿ ಪೆಟ್ಟಿಗೆ ಕಂಡದ್ದೇ ಇಳಿಸಿ ಅಂದರು. ಕಂಪನಿ ಮೈಕನ್ನು ನಾನು ಸೀಟಿನ ಕೆಳಗೆ ನೂಕಿ, ಸುಲಿದದ್ದನ್ನು ಕೊಟ್ಟೆ.

ಅಲ್ಲಿಯ ಮುಂದಾಳು ಒಬ್ಬ ವಕೀಲರು. ಸಣ್ಣ ಜೀವ, ಇನ್ನೂ ಸಣ್ಣ ದನಿ. ಗಡಿಬಿಡಿಯಲ್ಲಿ ನಾನು ಪೆಟ್ಟಿಗೆಯ ಒಂದು ಸ್ವಿಚ್ಚು ಆರಿಸುವುದನ್ನು ಮರೆತಿದ್ದೆ. ಗಿಟಾರಿನ ದನಿಯನ್ನು ಒರಟು ಮಾಡಿ ಗರ್ಜಿಸುವ ಹಾಗೆ ಮಾಡುವ ಸ್ವಿಚ್ಚು ಅದು. ವಕೀಲರು "ಅಕ್ಕತಂಗೇರ" ಅಂದರು, ಅಷ್ಟೇ. ಆಕಾಶ ಗುಡುಗಿದ ಹಾಗಾಯಿತು. ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾದವು. ಊಟಕ್ಕೆ ಕೂತಿದ್ದ ಪೊಲೀಸಪ್ಪ ಪತ್ರಾವಳಿ ಹಿಡಿದುಕೊಂಡೇ ಎದ್ದು ನಿಂತ. ಜನ ಜೈಕಾರ ಹಾಕಿ ಕುಣಿದರು. ಅವರ ಭಾಷಣಕ್ಕೆ ಅಂಥ ಚಪ್ಪಾಳೆ ಎಂದೂ ಬಿದ್ದಿರಲಿಲ್ಲವಂತೆ.

ಸ್ವಿಚ್ಚು ಆರಿಸಲು ಓಡಿಹೋದ ನನ್ನ ಕೈಯನ್ನು ಅವರು ಗಟ್ಟಿಯಾಗಿ ಹಿಡಿದು ತಡೆದರು. ಭಾಷಣ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, ತಮ್ಮ ಮಾಮೂಲಿ ಸಣ್ಣ ದನಿಯಲ್ಲಿ ಕೇಳಿದರು:

"ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ರಿ. ಈ ಡಬ್ಬಿ ಒಂದೆರಡು ದಿನ ಮನಿಗಿ ಒಯ್ಲೇನು?"

ಖಂಡೇ ಪೂಜೆ

ಇಷ್ಟೆಲ್ಲ ಆದರೂ ಸಿಡಿ ಮಾತ್ರ ಆಗಿರಲಿಲ್ಲ. ತಾಂಡೂರಿನಲ್ಲಿ ಹಿಡಿದ ದನಿ ಕೌದಿಗಳಲ್ಲೇ ಹೂತುಹೋಗಿತ್ತು. ಅಷ್ಟರಲ್ಲಿ ತೆಲಂಗಾಣದ ಮುಷ್ಕರ, ಅದೇ ಸಮ್ಮೆ, ಬಿಗಿಯಾಯಿತು. ದಸರೆಯ ನವಮಿಯ ದಿನ ಹೈವೇ ಪೂರ್ತಿ ಬಂದ್. ಒಂದು ಲಾರಿ ಇಲ್ಲ, ಒಂದು ಬಸ್ಸಿಲ್ಲ. ಗೋದಾಮಿನ ಮುಂದೆ ಗುಬ್ಬಿಯ ದನಿ ಕೇಳಿಸುತ್ತಿದೆ, ಇಂದಾದರೆ ಆಯಿತು, ಇಲ್ಲದಿದ್ದರೆ ಇಲ್ಲ ಅಂತ ಸಾವಕಾರ್ರು ಫೋನು ಮಾಡಿದರು. ನಾನು ಕಂಪನಿ ಮೈಕು ಹುಡುಕಿದೆ. ಸಿಗಲಿಲ್ಲ.

ಅದು ದೇವರ ಮನೆಯಲ್ಲಿತ್ತು. ಅಪ್ಪ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಮಾಡಿಬಿಟ್ಟಿದ್ದರು. ನಾನು ಕಾರ್ಖಾನೆಯಲ್ಲಿ ನಟ್ಟು ಬಿಗಿಯುವ ಪಾನಾಗಳು, ಅವ್ವನ ಈಳಿಗೆ, ಅವರದೇ ಹಳೇ ಪೆನ್ನು, ಅವುಗಳ ನಡುವೆ ಮೈತುಂಬ ಅರಿಷಿಣ ಕುಂಕುಮ ಬಳಿದುಕೊಂಡು, ಜಾಳಿಗೆಗೆ ಚೆಂಡುಹೂ ಸಿಕ್ಕಿಸಿಕೊಂಡು ನನ್ನ ಮೈಕು. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಕೊಡುವತನಕ ಮುಟ್ಟುವ ಹಾಗಿಲ್ಲ. ನಾನು ಕೈಮುಗಿದು ಕೇಳಿದರೂ ಅಪ್ಪ ಒಪ್ಪಲಿಲ್ಲ. ಗಿಟಾರ್ ಮಾತ್ರ ಮೂಲೆಯಲ್ಲಿ ಹಾಗೇ ನಿಂತಿತ್ತು. ಅದನ್ನೇಕೆ ಇಟ್ಟಿಲ್ಲ ಅಂದೆ.

"ದುಡಿಯೋ ಸಾಮಾನಿಗಿ ಅಷ್ಟೇ ಪೂಜಾ," ಅಂದರು.

ಗಿಟಾರ್ ಎತ್ತಿಕೊಂಡು ಗೋದಾಮಿಗೆ ನಡೆದೆ. ಅಲ್ಲಿದ್ದದ್ದು ಸುಲಿದ ಮೈಕು ಒಂದೇ. ಅದನ್ನು ಪೆಟ್ಟಿಗೆಯ ಸ್ಪೀಕರಿನ ನಟ್ಟನಡುವೆ ಇಟ್ಟಾಗ ದನಿ ಚೀರುತ್ತಿತ್ತು. ಸ್ವಲ್ಪ ಅಂಚಿಗೆ ಸರಿಸಿದೆ, ಮೆತ್ತಗಾಯಿತು. ಆ ನಿಶ್ಶಬ್ದದಲ್ಲಿ ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತಿತ್ತು. ಸಂಜೆಯೊಳಗೆ ಎಲ್ಲ ಹಾಡೂ ಮುಗಿದವು.

ಸಿಡಿ ಬಂದ ದಿನ ಅಪ್ಪ ಕಣ್ಣು ಮುಚ್ಚಿ ಕೂತು ಕೇಳಿದರು. ಒಂದು ಕಡೆ ಥಟ್ಟನೆ ನಿಲ್ಲಿಸಲು ಹೇಳಿ, ಇದು ಯಾರು ಬಾರಿಸಿದ್ದು ಅಂದರು. ನಾನೇ ಅಂದೆ. ಮತ್ತೆ ಮೊದಲಿಂದ ಹಚ್ಚಿಸಿಕೊಂಡು ಕೊನೆತನಕ ಕೇಳಿದರು.

"ಚಂದ ಬಾರಸ್ತಿಯಲ್ಲೋ. ನಾ ಭೀ ಏನೇನೋ ಅಂದೆ ನಿನಗ," ಅಂದರು.

ನನಗಾದ ಖುಷಿ ಅಷ್ಟಿಷ್ಟಲ್ಲ. ಅದೇ ಖುಷಿಯಲ್ಲಿ, ಕಂಪನಿ ಮೈಕು ನಿಮ್ಮ ದೇವರ ಮನೆಯಲ್ಲಿತ್ತು, ಇದೆಲ್ಲ ಸೋವಿ ಮೈಕಿನ ಕೆಲಸ ಅಂತ ಹೇಳಿಬಿಟ್ಟೆ. ಅಪ್ಪ ದೇವರ ಮನೆಯ ಕಡೆ ತಿರುಗಿ ನೋಡಿದರು.

ಮರುವರ್ಷದ ಖಂಡೇ ಪೂಜೆಯಲ್ಲಿ ನನ್ನ ಗಿಟಾರಿಗೂ ಕುಂಕುಮ ಬಿತ್ತು. ಮರುದಿನ ಬನ್ನಿ ಕೊಟ್ಟು ಬಂದು ಸಾಮಾನು ಎತ್ತಿಕೊಳ್ಳಲು ಹೋದೆ. ಗಿಟಾರನ್ನು ಅಪ್ಪ ತಾವೇ ನನ್ನ ಕೈಗೆ ಕೊಟ್ಟರು. ಕಂಪನಿ ಮೈಕಿಗೆ ಕೈ ಹಾಕಿದೆ, ತಡೆದರು.

"ಅದನ್ನ ಇಲ್ಲೇ ಬಿಡು. ಇಲ್ಲಿದ್ದಾಗೇ ಅದು ಚಲೋ ಕೆಲಸ ಮಾಡ್ತದ."