ಪಟ್ಟಲಮ್ಮನ ಕನಕಾಂಬರ, ನನ್ನ ಹೆಸರಿನಲ್ಲಿ

ಪರಿಹಾರ ಹಂಚುವ ಕಚೇರಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ವಿರಾಜಮಾನರಾಗಿರುವ ಕಂಪ್ಯೂಟರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮಳವಳ್ಳಿ ಕಡೆಯ ಬೋರಯ್ಯನಾದ ನಾನು, ಆರನೇ ಕ್ಲಾಸಿನ ಅರ್ಧಕ್ಕೇ ಸ್ಕೂಲು ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೈಮುಗಿದು ಬರೆಯುವುದೇನೆಂದರೆ, ಕೊರೊನಾ ಲಾಕ್‌ಡೌನಿನಲ್ಲಿ ಹೂವು ಮಾರಲಾಗದೆ ಕೆಟ್ಟವರಿಗೆ ಸರ್ಕಾರ ಕೊಟ್ಟ ಪರಿಹಾರ ನನ್ನ ಖಾತೆಗೆ ಬಂದು ಬಿದ್ದಿದೆ. ತಮ್ಮ ಉದಾರ ಮನಸ್ಸನ್ನು ಎಷ್ಟು ಹೊಗಳಿದರೂ ಸಾಲದು, ಯಾಕೆಂದರೆ ನಾನು ಹುಟ್ಟಿದಾಗಿನಿಂದ ಒಂದು ಗಿಡ ಹೂವು ಬೆಳೆದವನಲ್ಲ. ನನ್ನದು ರಾಗಿ ಹೊಲ.

ಹೂವು ಬೆಳೆದವಳು ಬದುವಿನಾಚೆಯ ಪಟ್ಟಲಮ್ಮ. ನಮ್ಮಲ್ಲಿ ಮೊದಲಿನಿಂದ ಮುಯ್ಯಾಳು. ಅವಳ ಕನಕಾಂಬರ ಬಿಡಿಸಲು ನಾನೊಂದು ದಿನ ಹೋದರೆ ನನ್ನ ರಾಗಿಯ ಕಳೆ ಕೀಳಲು ಅವಳೊಂದು ದಿನ ಬರುತ್ತಾಳೆ, ಕೂಲಿಯ ಮಾತಿಲ್ಲ. ಹೋದ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯವರು ಮೊಬೈಲು ಹಿಡಿದು ಬಂದಾಗ ಹೂವಿನ ಸಾಲಿನಲ್ಲಿ ಕುಕ್ಕೆ ಹಿಡಿದು ನಿಂತಿದ್ದವನು ನಾನು. ಹೆಸರು ಕೇಳಿದರು. ಸರ್ಕಾರದವರಿಗೆ ಸುಳ್ಳು ಹೇಳಬಾರದೆಂದು ನನ್ನದನ್ನೇ ಹೇಳಿದೆ. ಮಾರನೆಯ ದಿನ ರಾಗಿ ಹೊಲದ ಫೋಟೋ ತೆಗೆಯಲು ಬಂದಾಗ ಕಳೆ ಕೀಳುತ್ತಿದ್ದವಳು ಪಟ್ಟಲಮ್ಮ. ಅವಳೂ ಸತ್ಯವಂತೆ.

ಲಾಕ್‌ಡೌನಿನಲ್ಲಿ ಊರೂರ ಮದುವೆಗಳು ನಿಂತು, ದೇವಸ್ಥಾನಕ್ಕೆ ಬೀಗ ಬಿದ್ದು, ಕುಕ್ಕೆ ಕುಕ್ಕೆ ಹೂವನ್ನು ಅವಳು ತಿಪ್ಪೆಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡವನು. ದುಡ್ಡು ಬಿಡಿಸಿ ಟವಲಿನಲ್ಲಿ ಗಂಟು ಕಟ್ಟಿಕೊಂಡು ಹೋದರೆ, “ನೀನು ಕೊಟ್ರೆ ಅದು ದರ್ಮ ಆಯ್ತದೆ ಕಣಣ್ಣ. ಸುರ್ದೋಳು ನಾನು, ನನ್ನೆಸ್ರಿಗೇ ಬರ್ಲಿ” ಅಂದಳು. ಗಂಟು ಹಿಡಿದು ತಿರುಗಿದವನ ಬೆನ್ನಿಗೆ ಇನ್ನೊಂದು ಮಾತು: “ಮುಯ್ಯಿಗೂ ಬರ್ಬ್ಯಾಡ ಬುಡು. ಇನ್ನೊಂದ್ಸಲ ಕಾಲಿಟ್ರೆ ಪಹಣೀನೂ ನಿನ್ನೆಸ್ರಿಗೇ ಓಯ್ತದೆ.”

ದುಡ್ಡನ್ನು ಹಾಗೇ ಬ್ಯಾಂಕಿಗೆ ಹಾಕಿ, ಅದನ್ನು ಹಿಂದಿರುಗಿಸಿ ಅವಳ ಹೆಸರು ಬರೆಸಲು ತಮ್ಮಲ್ಲಿಗೆ ಮೂರು ಸಲ ಬಂದೆ. ಗುಮಾಸ್ತರಾದ ಸಂಪತ್ ಕುಮಾರ ಅವರು ಮೂರು ಸಲವೂ, “ನಾನೇನ್ ಮಾಡ್ಲಿ ಬೋರಯ್ಯ, ಕಂಪ್ಯೂಟರ್ ತಗೊಳ್ತಾ ಇಲ್ಲ” ಎಂದು ತಮ್ಮ ಕಡೆ ಕೈ ತೋರಿಸಿದರು. ಕೊಡುವುದು ಗೊತ್ತು, ಈಸಿಕೊಳ್ಳುವುದು ಗೊತ್ತಿಲ್ಲ ಎನ್ನುವ ದಾನಿಗಳನ್ನು ಮಂಡ್ಯ, ಮದ್ದೂರು ಸುತ್ತಿದರೂ ಕಾಣೆ. ಆದರೆ ರಸ್ತೆಯಲ್ಲಿ ಜೀಪಿನ ಸದ್ದಾದರೆ ನನ್ನನ್ನೇ ಹಿಡಿಯಲು ಬಂದರೇನೋ ಎಂದು ರಾಗಿ ಸಾಲಿನೊಳಗೆ ಬಗ್ಗಿ ಕೂರುತ್ತೇನೆ. ಈ ದುಡ್ಡಿಗೆ ಬಡ್ಡಿ ಸೇರಿದರೆ ಅದನ್ನು ಹೂವಿನ ಬಡ್ಡಿ ಅನ್ನಬೇಕೋ, ರಾಗಿಯ ಬಡ್ಡಿ ಅನ್ನಬೇಕೋ, ಅದೊಂದು ಯೋಚನೆ.

ಆದ್ದರಿಂದ ತಾವು ದಯಮಾಡಿ ಒಂದು ಬೆಳಗ್ಗೆ ನಮ್ಮ ಹೊಲಕ್ಕೇ ಬಿಜಯಂಗೈಯಬೇಕು. ಗಾಡಿಗೆ ಮೆತ್ತನೆ ಹುಲ್ಲು ಹಾಸುತ್ತೇನೆ, ಪಂಪ್‌ಸೆಟ್ಟಿನ ಕರೆಂಟು ಕೊಡುತ್ತೇನೆ, ಯಾವ ಬೆಳೆ ಯಾರದೆಂದು ತಾವೇ ನೋಡಿ ಪಟ್ಟಲಮ್ಮನ ಹೆಸರು ಬರೆದುಕೊಳ್ಳಿ. ಅಷ್ಟು ದೂರ ಆಗದಿದ್ದರೆ ನನ್ನ ರಾಗಿ ತೆನೆಯಲ್ಲೇ ಕನಕಾಂಬರ ಅರಳಿಸಿಬಿಡಿ, ತಮ್ಮ ದಾಖಲೆಯಾದರೂ ನಿಜವಾಗಲಿ.

ತಮ್ಮ ವಿಶ್ವಾಸಿ, ತಮ್ಮ ಲೆಕ್ಕದಲ್ಲಿ ಮಾತ್ರ ಹೂವಿನವನಾದ
ಬೋರಯ್ಯ

ಮರೆತ ಮಾತು: ಆರು ಅಡಿ ದೂರ ನಿಲ್ಲಿ ಎಂದು ಆಟೋಗೆ ಮೈಕು ಕಟ್ಟಿ ಊರೆಲ್ಲ ಕೂಗಿದಾಗಲೂ ನಾನೂ ಪಟ್ಟಲಮ್ಮನೂ ಒಂದೇ ಸಾಲಿನಲ್ಲಿ ಬಗ್ಗಿ ಕೆಲಸ ಮಾಡಿದವರು. ಈಗ ರಾಗಿಯಲ್ಲಿ ಕಳೆ ಮೊಣಕಾಲುದ್ದ ಬೆಳೆದಿದೆ; ಅವಳು ಬದುವಿನಾಚೆ, ನಾನು ಈಚೆ. ಕೊರೊನಾದ ಕೈಲೂ ಆಗದ ಅಂತರವನ್ನು ತಾವು ಪರಿಹಾರ ಕೊಟ್ಟು ಕಾಪಾಡಿದ್ದೀರಿ.